ಹೊನ್ನಾವರದ ದಾರಿಯಲ್ಲಿ ಕಳೆದ ಪುಸ್ತಕ

ನಮ್ಮ ಅಬ್ಬ ನಿವೃತ್ತರಾದದ್ದು 2009ರಲ್ಲಿ. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಹಿಡಿದು ಮನೆಗೆ ಬಂದವರು ಮರುದಿನವೇ ಪೇಟೆಗೆ ಹೋಗಿ ಇನ್ನೂರು ಪುಟಗಳ ಉದ್ದ ನೋಟ್ ಪುಸ್ತಕವೊಂದನ್ನು ತಂದರು. ಮೊದಲ ಪುಟದಲ್ಲಿ ಬಿಸ್ಮಿ ಬರೆದು, ಅದರ ಕೆಳಗೆ ‘ಪ್ರವಾಸದ ಲೆಕ್ಕ’ ಎಂದು ಬರೆದು ಗೆರೆ ಎಳೆದರು. ಜೀವಮಾನವಿಡೀ ಹಾಜರಿ ಪುಸ್ತಕ ಬರೆದ ಮೇಷ್ಟ್ರ ಕೈ ಅಷ್ಟು ಸುಲಭದಲ್ಲಿ ಸುಮ್ಮನಿರುತ್ತದೆಯೇ?

ನಂತರದ ವರ್ಷಗಳಲ್ಲಿ ಅಬ್ಬ, ಉಮ್ಮ ಇಬ್ಬರೂ ಸಾಕಷ್ಟು ತಿರುಗಿದರು. ಬಿಜಾಪುರ, ಬೀದರ್, ಶ್ರೀರಂಗಪಟ್ಟಣ, ಅಜ್ಮೀರ್, 2011ರಲ್ಲಿ ಹಜ್ಜ್. ಆದರೆ ಆ ಪುಸ್ತಕ ತೆರೆದರೆ ಸಿಗುತ್ತಿದ್ದುದು ಬೇರೆಯೇ. 1656ರಲ್ಲಿ ಪೂರ್ಣಗೊಂಡ ಗೋಲಗುಮ್ಮಟಕ್ಕೆ ಒಂದೇ ಸಾಲು. ಅಲ್ಲಿಂದ ಹಿಂದಿರುಗುವಾಗ ತಪ್ಪಿದ ಬಸ್ಸಿಗೆ ಎರಡು ಪುಟ. ಬೀದರಿನಲ್ಲಿ ಮಹ್ಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸದ ಬಗ್ಗೆ ಏನು ಬರೆದಿದ್ದಾರೆಂದು ಮದ್ರಸದ ಟೀಚರಾದ ನಾನು ಆಸೆಯಿಂದ ನೋಡಿದರೆ, ಚಪ್ಪಲಿ ಕಳೆದುಹೋಗಿ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದ ಕತೆ! “ಕಟ್ಟಡದ ವಿವರ ಎಲ್ಲ ಪುಸ್ತಕದಲ್ಲೂ ಉಂಟು. ನನ್ನ ಕಾಲು ಸುಟ್ಟದ್ದು ಬೇರೆ ಯಾರು ಬರೆಯುತ್ತಾರೆ?” ಎಂಬುದು ಅಬ್ಬನ ವಾದ.

ಆಲಿಮಾ ಕೋರ್ಸಿನಲ್ಲಿ ಇಬ್ನ್ ಬತೂತರ ‘ರಿಹ್ಲಾ’ದ ಕೆಲವು ಭಾಗಗಳನ್ನು ನಾವು ಅರಬಿ ಪಾಠಕ್ಕಾಗಿ ಓದಿದ್ದೆವು. ಬಿ.ಎ.ಯಲ್ಲಿ ಇತಿಹಾಸ ತೆಗೆದುಕೊಂಡಾಗ ಅವರು ಮತ್ತೆ ಎದುರಾದರು. ಅಬ್ಬನಿಗೆ ನಾನು ಅವರ ಕತೆ ಹೇಳುತ್ತಿದ್ದೆ. ಮೊರೊಕ್ಕೋದ ತಾಂಜಾ ಪಟ್ಟಣದಿಂದ 1325ರಲ್ಲಿ ಹಜ್ಜ್‌ಗೆ ಹೊರಟಾಗ ಅವರಿಗೆ ಇಪ್ಪತ್ತೊಂದು ವರ್ಷ. ದಾರಿಯಲ್ಲೇ ಜ್ವರ. ಬೀಳಬಾರದೆಂದು ಮುಂಡಾಸಿನ ಬಟ್ಟೆಯಿಂದ ತನ್ನನ್ನೇ ಜೀನಿಗೆ ಕಟ್ಟಿಕೊಂಡು ಸಾಗಿದರು. ಟ್ಯೂನಿಸ್ ತಲುಪಿದಾಗ ಊರಿನವರೆಲ್ಲ ಬಂದವರಿಗೆ ಸಲಾಂ ಹೇಳುತ್ತಿದ್ದರೆ ಇವರನ್ನು ಮಾತನಾಡಿಸುವವರೇ ಇಲ್ಲ. ನಿಂತಲ್ಲೇ ಅತ್ತುಬಿಟ್ಟರಂತೆ. ಇದನ್ನು ಕೇಳಿ ಅಬ್ಬ, “ಇವನು ನಮ್ಮವನೇ” ಎಂದಿದ್ದರು.

ಎರಡು ವರ್ಷದಿಂದ ಅಬ್ಬನಿಗೆ ಮರೆವು. ಲುಹರ್ ನಮಾಝ್ ಮುಗಿಸಿ ಬಂದವರು ಮತ್ತೆ ವುಝೂ ಮಾಡಲು ಹೊರಡುತ್ತಾರೆ. ಮೊಮ್ಮಕ್ಕಳ ಹೆಸರು ಅದಲು ಬದಲಾಗುತ್ತದೆ. ಆದರೆ ಪುಸ್ತಕ ಕೈಗೆ ಕೊಟ್ಟರೆ ಹಳೆಯದೆಲ್ಲ ಓದಿ ಓದಿ ನಗುತ್ತಿದ್ದರು. ಇಬ್ನ್ ಬತೂತ ಕಂಡ ಹೊನ್ನಾವರವನ್ನು ನೋಡಬೇಕು ಎಂದು ಅವರು ಪದೇ ಪದೇ ಹೇಳುತ್ತಿದ್ದುದರಿಂದ ಕಳೆದ ಡಿಸೆಂಬರ್ ರಜೆಯಲ್ಲಿ ಮೂವರೂ ಮಂಗಳೂರಿನಿಂದ ರೈಲು ಹತ್ತಿದೆವು.

ಹೊನ್ನಾವರ ಸ್ಟೇಷನ್ ಬರುವ ಮೊದಲು ಶರಾವತಿಯ ಸೇತುವೆ ಸಿಗುತ್ತದೆ. ಎರಡು ಕಿಲೋಮೀಟರಿಗೂ ಉದ್ದ. ಕೊಂಕಣ ರೈಲು ಮಾರ್ಗದಲ್ಲಿ ಇಷ್ಟು ಉದ್ದದ ಸೇತುವೆ ಬೇರೊಂದಿಲ್ಲ. ಕೆಳಗೆ ಅಗಲಕ್ಕೆ ಹರಡಿದ ನೀರು, ತೆಂಗಿನ ಸಾಲು, ದೂರದಲ್ಲಿ ನದಿ ಸಮುದ್ರ ಸೇರುವ ಅಳಿವೆ. ಮಕ್ಕಳಂತೆ ಮೂವರೂ ಸೀಟು ಬಿಟ್ಟು ಬಾಗಿಲ ಬಳಿ ಹೋಗಿ ನಿಂತೆವು. ಸೇತುವೆ ದಾಟಿ ಸ್ವಲ್ಪ ಹೊತ್ತಿಗೆ ಸ್ಟೇಷನ್ ಬಂತು. ಗಡಿಬಿಡಿಯಲ್ಲಿ ಇಳಿದೆವು.

ಪೇಟೆಗೆ ಹೋಗಿ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ಇಬ್ನ್ ಬತೂತ ಇಲ್ಲಿನ ಊಟವನ್ನು ವರ್ಣಿಸಿದ್ದು ಓದಿದರೆ ನಮ್ಮ ಅಡುಗೆ ಮನೆಗೇ ಬಂದಿದ್ದರೇನೋ ಅನಿಸುತ್ತದೆ. 1342ರ ಸುಮಾರಿಗೆ ಬಂದಾಗ ಇಲ್ಲಿ ಸುಲ್ತಾನ್ ಜಮಾಲುದ್ದೀನ್ ಆಳುತ್ತಿದ್ದರು. ಅವರ ಮನೆಯಲ್ಲಿ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಲ್ಲಿಟ್ಟ ಕರಿಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನು ಬಡಿಸಲು ಏನೂ ಇಲ್ಲವೆಂದು ತಿಳಿಯಬೇಕಂತೆ. ಕುಡಿಯಲು ಬಿಸಿನೀರು. ಮತ್ತೊಮ್ಮೆ ಬಂದಾಗ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಕಳೆದರು. ಈ ಕರಾವಳಿ, ಮಾಲ್ದೀವ್ಸ್, ಸಿಲೋನ್ ಎಂದು ಮೂರು ವರ್ಷ ಬರೇ ಅನ್ನ ತಿಂದು ತಿಂದು, ಕಡೆಗೆ ನೀರು ಕುಡಿಯದೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವೆಂದು ಬರೆಸಿದ್ದಾರೆ. ಉಮ್ಮ ನಕ್ಕು, “ಒಂದು ದಿನ ನೀರುದೋಸೆ ಮಾಡಿ ಕೊಡುವವರು ಯಾರೂ ಇರಲಿಲ್ಲವಾ?” ಎಂದರು.

ನಮ್ಮ ಎಲೆಗೂ ಮೊಸರು ಬಂತು. ಅಬ್ಬ ಕೈ ತೊಳೆದು, “ಪುಸ್ತಕ ಕೊಡು, ಈಗಲೇ ಬರೆಯುತ್ತೇನೆ” ಎಂದರು.

ಪುಸ್ತಕದ ಚೀಲ ಸೀಟಿನ ಕೆಳಗೇ ಉಳಿದಿತ್ತು. ರೈಲು ಎಷ್ಟೋ ದೂರ ಹೋಗಿತ್ತು. ಇಡುವಾಗ ನಾನೇ ಇಟ್ಟದ್ದು, ಇಳಿಯುವಾಗ ನಾನೇ ಮರೆತದ್ದು. ಮರೆವು ಅಬ್ಬನಿಗೆ ಎಂದು ಊರಿಡೀ ಹೇಳಿಕೊಂಡು ತಿರುಗಿದವಳು ನಾನು! ಸ್ಟೇಷನ್ನಿಗೆ ಓಡಿದೆವು. ಅಲ್ಲಿದ್ದವರು ಮುಂದಿನ ಸ್ಟೇಷನ್ನಿಗೆ ಫೋನ್ ಮಾಡಿ ಸಹಕರಿಸಿದರು. ಚೀಲ ಸಿಗಲಿಲ್ಲ.

ಸಂಜೆಯವರೆಗೆ ಸಮಯವಿತ್ತು. ನದಿ ದಡಕ್ಕೆ ಬಂದು ಕುಳಿತೆವು. ದೋಣಿಗಳು ಬಂದು ಹೋಗುತ್ತಿದ್ದವು. ಅಬ್ಬ ಮಾತಾಡಲಿಲ್ಲ. ಉಮ್ಮ ನನ್ನ ಮುಖ ನೋಡಿ, “ಏನಾದರೂ ಹೇಳು ಮಗಳೇ” ಎಂದರು. ನನಗೆ ಗೊತ್ತಿದ್ದುದು ಇಬ್ನ್ ಬತೂತರ ಕತೆ ಮಾತ್ರ.

ದೆಹಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ಉಡುಗೊರೆಗಳೊಂದಿಗೆ ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ್ದರು. ಕಲ್ಲಿಕೋಟೆಯಲ್ಲಿ ಸಾಮಾನೆಲ್ಲ ಹಡಗಿಗೆ ಏರಿತ್ತು. ಜುಮಾ ನಮಾಝ್ ಮುಗಿಸಿ ಹತ್ತೋಣವೆಂದು ಇವರು ದಡದಲ್ಲಿ ಉಳಿದರು. ಬಿರುಗಾಳಿ ಎದ್ದಿತು. ಉಡುಗೊರೆಯ ದೊಡ್ಡ ಹಡಗು ಒಡೆದುಹೋಯಿತು. ಇವರ ಸಾಮಾನು, ಜನ ಇದ್ದ ಇನ್ನೊಂದು ಹಡಗು ಇವರನ್ನು ಬಿಟ್ಟೇ ಹೊರಟಿತು. ಉಳಿದದ್ದು ಹತ್ತು ದೀನಾರ್ ಮತ್ತು ಮಲಗಿದ್ದ ಚಾಪೆ. ಆ ಹಡಗಿನಲ್ಲಿ ಅವರ ಗರ್ಭಿಣಿ ದಾಸಿಯೊಬ್ಬಳಿದ್ದಳು. ಆಕೆ ತೀರಿಹೋದ ಸುದ್ದಿ ಬಂದದ್ದು ಎಷ್ಟೋ ಕಾಲದ ನಂತರ. ರಿಹ್ಲಾದಲ್ಲಿ ಆಕೆಗೆ ಸಿಕ್ಕಿದ್ದು ಒಂದೆರಡು ವಾಕ್ಯ.

ಮುಂದೆ ಕೊಲ್ಲಮ್‌ನಿಂದ ಇದೇ ಹೊನ್ನಾವರಕ್ಕೆ ಬರುತ್ತಿದ್ದಾಗ, ಹೊನ್ನಾವರ-ಬಾರ್ಕೂರು ನಡುವಿನ ಸಣ್ಣ ದ್ವೀಪವೊಂದರ ಬಳಿ ಹನ್ನೆರಡು ಹಡಗುಗಳ ಕಡಲ್ಗಳ್ಳರು ಮುತ್ತಿದರು. ಉಟ್ಟ ಪೈಜಾಮದ ಹೊರತು ಎಲ್ಲವೂ ಹೋಯಿತು. ಕಲ್ಲಿಕೋಟೆಗೆ ಮರಳಿ ಮಸೀದಿ ಸೇರಿದಾಗ ಯಾರೋ ಅಂಗಿ ಕೊಟ್ಟರು, ಖಾಝಿ ಮುಂಡಾಸು ಕಳಿಸಿದರು. ಬುಖಾರಾದ ವಿದ್ವಾಂಸರ ಗೋರಿಗಳ ಬರಹಗಳನ್ನು ನಕಲು ಮಾಡಿಟ್ಟ ಹಾಳೆಗಳು ಕೂಡಾ ಕಡಲಲ್ಲಿ ಲೂಟಿಯಾದವು.

ಅಬ್ಬ ಆಗ ತಲೆ ಎತ್ತಿದರು. “ಹಾಗಾದರೆ ಪುಸ್ತಕ ಹೇಗೆ ಬರೆದರು?”

“ಊರಿಗೆ ಮರಳಿದ ಮೇಲೆ ನೆನಪಿನಿಂದಲೇ ಹೇಳಿದರು. ಫಾಸ್ ನಗರದಲ್ಲಿ ಇಬ್ನ್ ಜುಝೈ ಎಂಬ ವಿದ್ವಾಂಸರು ಬರೆದುಕೊಂಡರು. ಹೇಳಿ ಮುಗಿಸಿದ್ದು 1355ರಲ್ಲಿ.”

“ನೀನು ಬರೆದುಕೊಳ್ಳುತ್ತೀಯಾ?”

ಹಿಂದಿರುಗಿ ಬರುವಾಗ ಶಾಲೆ ಬಿಟ್ಟ ಹೆಣ್ಮಕ್ಕಳ ಗುಂಪೊಂದು ಬಸ್ ನಿಲ್ದಾಣದಲ್ಲಿ ಗಲಗಲ ಎನ್ನುತ್ತಿತ್ತು. ಈ ಊರಿನಲ್ಲಿ ಹುಡುಗಿಯರಿಗೆ ಹದಿಮೂರು, ಹುಡುಗರಿಗೆ ಇಪ್ಪತ್ತಮೂರು ಶಾಲೆಗಳಿದ್ದವು, ಇಲ್ಲಿನ ಹೆಂಗಸರೆಲ್ಲ ಕುರ್‌ಆನ್ ಕಂಠಪಾಠ ಮಾಡಿದವರು, ಇಂತಹದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಇಬ್ನ್ ಬತೂತ ಹೇಳಿದ್ದಾರೆ. ಆ ಶಾಲೆಗಳಲ್ಲಿ ಕಲಿಸುತ್ತಿದ್ದವರು ಯಾರೋ? ಟೀಚರಾದುದರಿಂದ ನನಗೆ ಅದೇ ಯೋಚನೆ.

ಈಗ ಮನೆಯಲ್ಲಿ ಹೊಸ ನೋಟ್ ಪುಸ್ತಕ ಬಂದಿದೆ. ಮಗ್ರಿಬ್ ನಂತರ ಅಬ್ಬ ಹೇಳುತ್ತಾರೆ, ನಾನು ಬರೆಯುತ್ತೇನೆ. ಉಮ್ಮ ಅಡುಗೆ ಮನೆಯಿಂದಲೇ ತಿದ್ದುತ್ತಾರೆ. ಬಿಜಾಪುರದಲ್ಲಿ ಬಸ್ ತಪ್ಪಿದ್ದು ಬಸ್ಸಿನವರಿಂದಲ್ಲ, ಅಬ್ಬ ಎರಡನೇ ಚಹಾ ಕುಡಿಯಲು ಹೋದುದರಿಂದ. ಬೀದರಿನಲ್ಲಿ ಉಮ್ಮನ ಚಪ್ಪಲಿಯೂ ಹೋಗಿತ್ತು. ಇಷ್ಟು ವರ್ಷ ಇದು ನಮಗಾರಿಗೂ ಗೊತ್ತಿರಲಿಲ್ಲ!

ಕಳೆದ ವಾರ ಮಿನಾದ ಪುಟಕ್ಕೆ ಬಂದೆವು. ಒಂದೇ ತರಹದ ಬಿಳಿ ಡೇರೆಗಳ ನಡುವೆ ಅಬ್ಬ ದಾರಿ ತಪ್ಪಿದ್ದರು. “ಒಂದು ಗಂಟೆ ಸುತ್ತಿದೆ. ಆಮೇಲೆ ದೂರದಲ್ಲಿ ನಮ್ಮ ಮನೆಯ ಕೆಂಪು ಕೊಡೆ ಕಂಡಿತು, ಬಂದುಬಿಟ್ಟೆ” ಎಂದರು. ಹಳೆಯ ಪುಸ್ತಕದಲ್ಲೂ ಹಾಗೆಯೇ ಇತ್ತು.

ಉಮ್ಮ ಸೌಟು ಹಿಡಿದೇ ಹೊರಗೆ ಬಂದರು. “ಒಂದು ಗಂಟೆಯಾ? ಅಸರ್‌ನಿಂದ ಇಶಾದವರೆಗೆ! ಕೊಡೆ ತಾನಾಗಿ ನಿಂತಿತ್ತಾ? ಬಿಸಿಲು ಹೋದ ಮೇಲೂ ಕೊಡೆ ಬಿಡಿಸಿ ನಿಂತಿದ್ದೇನೆಂದು ಹಾದುಹೋಗುವವರು ನೋಡಿ ನಗುತ್ತಿದ್ದರು. ಭಾಷೆ ಬರುವುದಿಲ್ಲ, ಯಾರನ್ನು ಕೇಳಲಿ? ಇವರ ಕಣ್ಣಿಗೆ ಬಿದ್ದರೆ ಬೀಳಲಿ ಎಂದು ನಿಂತೆ.”

ಅಬ್ಬ ಸ್ವಲ್ಪ ಹೊತ್ತು ಉಮ್ಮನನ್ನೇ ನೋಡಿದರು. “ನೀನು ಹೇಳಲೇ ಇಲ್ಲವಲ್ಲ?”

“ನೀವು ಕೇಳಲಿಲ್ಲ.”

“ಬರೆ” ಎಂದರು ಅಬ್ಬ ನನಗೆ. ನಾನು ಬರೆದೆ. ಮರುದಿನ ಮಗ್ರಿಬ್ ಆದ ಮೇಲೆ ಅವರು ಅದೇ ಕತೆಯನ್ನು ಮತ್ತೆ ಮೊದಲಿನಿಂದ ಹೇಳಲು ಶುರು ಮಾಡಿದರು. ಕೊಡೆ ಹಿಡಿದವರು ಯಾರೆಂಬುದನ್ನು ಮಾತ್ರ ಈ ಸಲ ಮರೆತಿರಲಿಲ್ಲ.