ಬೆವರು ಆರಿದ ಮೇಲೆ

ಕೆಲಸಗಾರನ ಮೈಬೆವರು ಆರುವುದಕ್ಕೆ ಮುನ್ನವೇ ಅವನ ಕೂಲಿಯನ್ನು ಸಲ್ಲಿಸಬೇಕೆಂದು ಪ್ರವಾದಿ(ಸ) ಆದೇಶಿಸಿರುವುದನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ, ಮದ್ರಸದ ಮಕ್ಕಳ ಬಾಯಲ್ಲಿ ಕೇಳಿ ಮೆಚ್ಚಿದ್ದೇವೆ. ನಾವೇ ಮಾಲಕರಾಗಿ ನಿಂತು ಬೇರೊಬ್ಬರ ಬೆವರು ಆರುವುದನ್ನು ನೋಡುವ ಪ್ರಸಂಗ ಮಾತ್ರ ಅದುವರೆಗೆ ಒದಗಿರಲಿಲ್ಲ. 2024ರ ಕೊನೆಯಲ್ಲಿ ಬಾಗಲಕೋಟೆಯ ನವನಗರದಲ್ಲಿ ನಾವು ಸಹೋದರರಿಬ್ಬರೂ ಸೇರಿ ಮನೆ ಕಟ್ಟಿಸಿದಾಗ ಅದು ಒದಗಿತು. ಅಂದು ನಾವು ನಡೆದುಕೊಂಡ ರೀತಿಯನ್ನು ಇಲ್ಲಿ ಮರೆಮಾಚದೆ ಬರೆಯುತ್ತಿದ್ದೇವೆ.

ನಮ್ಮ ತಂದೆಯವರು ಗೌಂಡಿ. ಪಟ್ಟದಕಲ್ಲಿನ ಆಚೆಗೆ ಮಲಪ್ರಭೆಯ ದಂಡೆಯ ಮೇಲಿನ ಹಳ್ಳಿ ನಮ್ಮದು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಲಿವೆ ಎಂದಾದಾಗ, ಸಂತ್ರಸ್ತರಿಗಾಗಿ ನವನಗರ ತಲೆಯೆತ್ತತೊಡಗಿತು. ಆ ದಿನಗಳಲ್ಲಿ ಅಬ್ಬಾ ಕೈಯಲ್ಲಿ ಕರಣೆ ಹಿಡಿದು ಇಲ್ಲಿಗೆ ಬಂದರು. ಈ ಊರಿನ ಹಲವು ಸೆಕ್ಟರುಗಳಲ್ಲಿ ಅವರು ಕಟ್ಟಿದ ಗೋಡೆಗಳಿವೆ. ಆ ಗೋಡೆಗಳ ಕೂಲಿಯಿಂದಲೇ ನಾವು ಓದಿದೆವು, ತಿಂಗಳಿಗೊಮ್ಮೆ ತಪ್ಪದೆ ಸಂಬಳ ಬರುವ ನೌಕರಿ ಹಿಡಿದೆವು. ಸಂಬಳವು ನಿಯಮಿತವಾಗಿ ಬರತೊಡಗಿದರೆ ಮನುಷ್ಯನು ಏನನ್ನು ಮರೆಯುತ್ತಾನೆ ಎಂಬುದು ಮುಂದೆ ತಿಳಿಯುತ್ತದೆ.

ಪಾಯ ತೆಗೆದ ದಿನವೇ ಮೇಸ್ತ್ರಿ ದರ ಹೇಳಿದ್ದನು: ಗೌಂಡಿಗೆ ದಿನಕ್ಕೆ 850 ರೂಪಾಯಿ, ಗಂಡಾಳಿಗೆ 550, ಹೆಣ್ಣಾಳಿಗೆ 400. ಉಸುಕು, ಖಡಿ, ಇಟ್ಟಿಗೆ ಹೊರುವ ಹೆಣ್ಣಾಳುಗಳು ಮೂವರು. ನಮ್ಮ ಹಳ್ಳಿಯ ಕಡೆಯಿಂದಲೇ ಬರುವವರು. ಬುಟ್ಟಿಯ ತೂಕ ಇಬ್ಬರಿಗೂ ಒಂದೇ ಆಗಿರುವಾಗ ಕೂಲಿಯಲ್ಲಿ 150ರ ಅಂತರ ಏಕೆಂದು ನಾವು ಕೇಳಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾಯ್ದೆ 1976ರಿಂದಲೂ ಈ ದೇಶದಲ್ಲಿದೆ ಎಂಬುದನ್ನು ಓದಿಕೊಂಡವರು ನಾವು. ಆದರೂ ನಮ್ಮ ಬಾಯಿಂದ ಹೊರಟದ್ದು ಬೇರೆ ಮಾತು. "ಹೆಣ್ಣುಮಕ್ಕಳಿಗೆ ಈಗ ಬಸ್ಸು ಪುಕ್ಕಟೆ, ರೇಷನ್ನು ಪುಕ್ಕಟೆ, ಮ್ಯಾಲೆ ತಿಂಗಳಾ ಎರಡು ಸಾವಿರ ಬರ್ತಾವು. 400 ಯಾಕ?" ಎಂದೆವು. ಚೌಕಾಸಿಯಾಗಿ 350ಕ್ಕೆ ಇತ್ಯರ್ಥವಾಯಿತು.

ಈ ಮಾತನ್ನು ಇಂದು ಕರ್ನಾಟಕದಲ್ಲಿ ಆಳು ಇಟ್ಟುಕೊಳ್ಳುವ ಪ್ರತಿಯೊಬ್ಬರೂ ಆಡುತ್ತಾರೆ. ಓದುಗರಲ್ಲಿಯೂ ಕೆಲವರು ಆಡಿರಬಹುದು. ಆದುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಶಕ್ತಿ ಯೋಜನೆ 2023ರ ಜೂನ್ 11ರಂದು ಆರಂಭವಾಯಿತು. ಅದಕ್ಕೆ ಮುಂಚೆ ದೂರದಿಂದ ಬರುವ ಹೆಣ್ಣಾಳಿಗೆ ಬಸ್ ಚಾರ್ಜು ಸೇರಿಸಿ ಕೂಲಿ ಗೊತ್ತುಮಾಡುವ ರೂಢಿಯನ್ನು ಅಬ್ಬಾ ಅವರೇ ಕಂಡಿದ್ದರು. ಸರಕಾರವು ಟಿಕೇಟಿನ ಹಣವನ್ನು ಬಿಟ್ಟುಕೊಟ್ಟದ್ದು ಆ ಹೆಣ್ಣುಮಗಳಿಗೆ. ನಾವು ಕೂಲಿಯಿಂದ 50 ರೂಪಾಯಿ ಕಳೆದ ಕೂಡಲೇ ಅದು ಅವಳ ಸೆರಗಿನಿಂದ ಜಾರಿ ನಮ್ಮ ಜೇಬಿಗೆ ಬಂದಿತು. ಬಡವರಿಗೆಂದು ಹೊರಟ ಸಹಾಯದ ಫಲಾನುಭವಿಗಳು ಮನೆ ಕಟ್ಟಿಸುವ ನಾವಾದೆವು! ಅದೇ 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇದ್ದಿತು, ಗಂಡಿಗೂ ಹೆಣ್ಣಿಗೂ ಒಂದೇ. ಅದಕ್ಕಿಂತ ನಮ್ಮದು ಒಂದು ರೂಪಾಯಿ ಹೆಚ್ಚೆಂದು ನಾವು ಸಮಾಧಾನಪಟ್ಟುಕೊಂಡದ್ದೂ ಉಂಟು.

ಡಿಸೆಂಬರದಲ್ಲಿ ಸ್ಲ್ಯಾಬು ಬಿದ್ದಿತು. ಅದರ ಮುಂದಿನ ಎರಡು ವಾರಗಳ ಬಟವಾಡೆಯ ಹೊತ್ತಿಗೆ ಸಾಲದ ಮುಂದಿನ ಕಂತು ನಮ್ಮ ಖಾತೆಗೆ ಬಂದಿರಲಿಲ್ಲ. ಸಿಮೆಂಟಿನ ಅಂಗಡಿಗೆ ಕೊಟ್ಟೆವು, ಏಕೆಂದರೆ ಕೊಡದಿದ್ದರೆ ಅವನು ಮಾಲು ಇಳಿಸುವುದಿಲ್ಲ. ಕಬ್ಬಿಣದವನಿಗೆ ಕೊಟ್ಟೆವು. ಗೌಂಡಿಗಳಿಗೂ ಕೊಟ್ಟೆವು, ಅವರು ಮುನಿಸಿಕೊಂಡು ಬೇರೆ ಕೆಲಸಕ್ಕೆ ಹೋದರೆ ನಮ್ಮ ಕೆಲಸ ನಿಲ್ಲುತ್ತದೆ. ಮೂವರು ಹೆಣ್ಣಾಳುಗಳಿಗೆ ಮಾತ್ರ "ಮುಂದಿನ ವಾರ ನೋಡೂಣು" ಎಂದೆವು. ಹನ್ನೆರಡು ದಿನಗಳ ಕೂಲಿ, ತಲೆಗೆ 4,200 ರೂಪಾಯಿ. ಮುಂದಿನ ವಾರ ಎಂಬುದು ಐದು ವಾರವಾಯಿತು. ಅವರಲ್ಲೊಬ್ಬಳು ಎರಡು ಸಲ ಫೋನು ಮಾಡಿದ್ದಳು. "ಬನದ ಹುಣ್ಣಿವಿ ಬಂತ್ರೀ ಅಣ್ಣಾ" ಎಂದಷ್ಟೇ ಹೇಳಿದ್ದಳು. ಬಾದಾಮಿಯ ಬನಶಂಕರಿ ಜಾತ್ರೆ ಈ ಭಾಗದ ಮಕ್ಕಳಿಗೆ ವರ್ಷದ ಬಟ್ಟೆ, ಬೆಂಡು ಬತ್ತಾಸು, ನಾಟಕಗಳ ಕಾಲ. ನಮಗೆ ಅದು ಅರ್ಥವಾಗಲಿಲ್ಲ ಎಂದರೆ ಸುಳ್ಳಾದೀತು.

ಈ ಮಧ್ಯೆ ಹೊಸ್ತಿಲಿಗೆಂದು ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸಿದೆವು. ಅಬ್ಬಾ ಕಲ್ಲನ್ನು ಸವರಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಸಹಜವಾಗಿಯೇ, "ಹೆಣ್ಣಾಳಿಂದು ಮುಟ್ಟೇತೇನು?" ಎಂದು ಕೇಳಿದರು. ನಮ್ಮ ಉತ್ತರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಈ ಮನಿ ಸಾಲದಾಗ ಬ್ಯಾಂಕಿನ ಜೋಡಿ ಅವರದೂ ಪಾಲೈತಿ. ಬ್ಯಾಂಕಿಗೆ ಹೆದರತೀರಿ, ಅವರಿಗೆ ಹೆದರೂದಿಲ್ಲ" ಎಂದರು. ಅಂದು ಅವರು ಬೇರೇನೂ ಹೇಳಲಿಲ್ಲ. ಯಾರಿಂದ ಪೂರ್ಣ ಕೆಲಸ ಪಡೆದು ಕೂಲಿ ಕೊಡಲಿಲ್ಲವೋ ಅಂಥವನ ವಿರುದ್ಧ ಪುನರುತ್ಥಾನ ದಿನದಂದು ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂಬ ಹದೀಸ್ ಸಹೀಹ್ ಬುಖಾರಿಯಲ್ಲಿದೆ. ಅಬ್ಬಾ ಅದನ್ನು ಓದಿದವರಲ್ಲ. ಅವರು ಹೇಳಿದ್ದು ತಮ್ಮ ಅನುಭವದಿಂದ.

ಸಾಲದ ಕಂತು ಬಂದ ಮರುದಿನ ಹಣ ಹಿಡಿದು ಹೊರಟೆವು. ಅಷ್ಟರಲ್ಲಿ ಹುಣ್ಣಿಮೆ ಕಳೆದಿತ್ತು. ಅಬ್ಬಾ ನಮ್ಮೊಡನೆ ಬಂದರು. ಪಟ್ಟದಕಲ್ಲಿನಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಅವರು ಗುಡಿಗಳ ಆವರಣದೊಳಗೆ ನಡೆದರು, ನಾವೂ ಹಿಂಬಾಲಿಸಿದೆವು. 1987ರಿಂದ ವಿಶ್ವ ಪರಂಪರೆಯ ತಾಣವಾದ ಈ ಗುಡಿಗಳನ್ನು ನಮ್ಮೂರ ಗೌಂಡಿಗಳು ನೋಡುವ ಬಗೆಯೇ ಬೇರೆ: ಕಲ್ಲಿನ ಸಂದು, ಮೂಲೆಯ ನೇರ, ಹೊರೆಯ ಭಾರ. ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಪೂರ್ವದ ಬಾಗಿಲಲ್ಲಿ ಶಾಸನವಿದೆ. ಅದು ಗುಂಡ ಅನಿವಾರಿತಾಚಾರಿ ಎಂಬ ಶಿಲ್ಪಿಯ ಹೆಸರನ್ನೂ ಅವನಿಗೆ ಸಂದ ತ್ರಿಭುವನಾಚಾರಿ ಎಂಬ ಬಿರುದನ್ನೂ ಹೇಳುತ್ತದೆ. ಸುಮಾರು ಹದಿಮೂರು ಶತಮಾನಗಳ ಹಿಂದೆ ಒಬ್ಬ ಕಟ್ಟಡದವನ ಹೆಸರು ರಾಣಿಯ ಹೆಸರಿನೊಡನೆ ಕಲ್ಲಿಗೆ ಏರಿದ್ದು ಸಣ್ಣ ಸಂಗತಿಯಲ್ಲ. ಅಬ್ಬಾ ನಮ್ಮ ಬಾಲ್ಯದಲ್ಲಿ ಅದನ್ನು ಬೆರಳಿಟ್ಟು ತೋರಿಸಿ ಹೆಮ್ಮೆಪಡುತ್ತಿದ್ದರು. ಈ ಸಲ ಅವರು ಹೇಳಿದ್ದು ಬೇರೆ: "ಕಲ್ಲು ಹೊತ್ತವರ ಹೆಸರು ಎಲ್ಲೂ ಇಲ್ಲ ನೋಡ್ರಿ."

ಅವಳ ಮನೆ ಹೊಳೆಯ ಕಡೆಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಗೂ ನೀರು ನುಗ್ಗಿದ ವರ್ಷ ಬಿದ್ದ ಹಿಂಗೋಡೆಗೆ ಇನ್ನೂ ತಗಡೇ ಆಸರೆಯಾಗಿತ್ತು. ಗಂಡನು ಸೆಂಟ್ರಿಂಗ್ ತಂಡದೊಡನೆ ಮಂಗಳೂರಿಗೆ ಹೋಗಿದ್ದನು. ಬಾದಾಮಿ, ಹುನಗುಂದ ತಾಲೂಕುಗಳಿಂದ ಕರಾವಳಿಗೂ ಗೋವೆಗೂ ಹೋಗುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಅಲ್ಲಿ ಕೂಲಿ ಹೆಚ್ಚು, ಖೋಲಿ ಬಾಡಿಗೆಯೂ ಹೆಚ್ಚು. ಅತ್ತೆ ಮತ್ತು ಇಬ್ಬರು ಶಾಲೆಯ ಮಕ್ಕಳೊಡನೆ ಅವಳಿದ್ದಳು. ಅಬ್ಬಾರನ್ನು ಕಂಡು, "ಬರ್ರೀ ಕಾಕಾ" ಎಂದು ಚಾಪೆ ಹಾಸಿದಳು. ನಮ್ಮ ಮೇಲೆ ದೂರು ಹೇಳಲಿಲ್ಲ. ಅಬ್ಬಾ, "ಯವ್ವಾ, ವಾರ ಹೆಂಗ ಸಾಗಸ್ತಿ?" ಎಂದು ಕೇಳಿದ್ದರಿಂದ ಲೆಕ್ಕ ಹೊರಬಂದಿತು.

ಆರು ದಿನ ದುಡಿದರೆ 2,100. ಎಂಟು ಕಿಲೋ ಜೋಳಕ್ಕೆ 360. ಸರಕಾರದ ಅಕ್ಕಿ ಬರುತ್ತದೆ, ಆದರೆ ಈ ಸೀಮೆಯಲ್ಲಿ ರೊಟ್ಟಿಯಿಲ್ಲದೆ ಊಟವಿಲ್ಲ. ತೊಗರಿಬೇಳೆ ಒಂದು ಕಿಲೋ 160. ಎಣ್ಣೆ 140. ಸಂತೆಯ ಕಾಯಿಪಲ್ಲೆ 250. ಚಹಾಪುಡಿ, ಸಕ್ಕರೆ 120. ಅತ್ತೆಯ ಔಷಧಿ 300. ಸಂಘದ ಸಾಲದ ವಾರದ ಕಂತು 600. ಒಟ್ಟು 1,930. ಉಳಿಯುವುದು 170, ಅದರಲ್ಲಿ ಮಕ್ಕಳ ಪಟ್ಟಿ ಪುಸ್ತಕ, ಫೋನಿನ ರಿಚಾರ್ಜು, ಕೆಲಸವಿಲ್ಲದ ದಿನ ಎಲ್ಲವೂ ಅಡಗಬೇಕು. "ಎರಡು ಸಾವಿರದ್ದು?" ಎಂದು ನಮ್ಮಲ್ಲೊಬ್ಬರು ಕೇಳಿಯೇಬಿಟ್ಟೆವು. "ಅದು ಬಂದಾಗ ಬಂತ್ರೀ ಅಣ್ಣಾ. ಸಂಘದವರು ವಾರಾ ಬರ್ತಾರ" ಎಂದಳು. ನಾವು ದಿನಕ್ಕೆ 50ರಂತೆ ಕಡಿದದ್ದು ವಾರಕ್ಕೆ 300 ರೂಪಾಯಿ. ಅತ್ತೆಯ ಔಷಧಿಯ ಲೆಕ್ಕವೂ ಅಷ್ಟೇ.

ನಾವು ತಡಮಾಡಿದ ಐದು ವಾರಗಳಲ್ಲಿ ಅವಳು ನೂರಕ್ಕೆ ತಿಂಗಳಿಗೆ ಐದರಂತೆ 3,000 ರೂಪಾಯಿ ಕೈಗಡ ಮಾಡಿದ್ದಳು. ತಿಂಗಳ ಮೇಲೆ ಒಂದು ದಿನವಾದರೂ ಎರಡು ತಿಂಗಳ ಬಡ್ಡಿ: 300. ಜೋಳವನ್ನು ಉದ್ದರಿ ತಂದಿದ್ದಳು. ಉದ್ದರಿಯ ಜೋಳಕ್ಕೆ ಕಿಲೋಗೆ ಮೂರು ರೂಪಾಯಿ ಹೆಚ್ಚು. ಬಡ್ಡಿಯಿಂದ ದೂರವಿರಬೇಕೆಂದು ಮಕ್ಕಳಿಗೆ ಕಲಿಸುವ ಮನೆಯವರು ನಾವು. ನಮ್ಮ ಹಣದ ಅಡಚಣೆಯ ಬಡ್ಡಿಯನ್ನು ಅವಳು ಕಟ್ಟಿದ್ದಳು.

ಮರಳಿ ಬಂದು ಪರಿಚಯದ ಆಲಿಮರೊಬ್ಬರನ್ನು ಕಂಡೆವು. ಹಣವಿದ್ದೂ ಸಾಲ ತೀರಿಸಲು ತಡಮಾಡುವುದು ಅನ್ಯಾಯವೆಂಬ ಪ್ರವಾದಿ ವಚನವನ್ನು ನೆನಪಿಸಿ, ಗ್ರಾನೈಟಿಗೆ ಹಣವಿದ್ದ ಮೇಲೆ ನಿಮ್ಮಲ್ಲಿ ಹಣವಿತ್ತು ಎಂದರು. ನಿಮ್ಮಿಂದಾದ ನಷ್ಟವನ್ನು ನೀವೇ ತುಂಬಿಕೊಡಿ, ಅದನ್ನು ಸದಕಾ ಎಂದು ಬರೆದುಕೊಳ್ಳಬೇಡಿ ಎಂದರು. ಗುಹೆಯಲ್ಲಿ ಸಿಲುಕಿದ ಮೂವರ ಪ್ರಸಿದ್ಧ ಕಥೆಯನ್ನೂ ಹೇಳಿದರು. ಅವರಲ್ಲೊಬ್ಬನು, ಕೂಲಿ ಬಿಟ್ಟುಹೋದ ಆಳಿನ ಧಾನ್ಯವನ್ನು ಬಿತ್ತಿ ಬೆಳೆಸಿ, ಅದರಿಂದಾದ ದನಕರುಗಳೆಲ್ಲವನ್ನೂ ವರ್ಷಗಳ ಮೇಲೆ ಬಂದ ಅವನಿಗೇ ಒಪ್ಪಿಸಿದನು. ಒಂದು ವರದಿಯಲ್ಲಿ ಆ ಧಾನ್ಯ ಅಕ್ಕಿ, ಇನ್ನೊಂದರಲ್ಲಿ ಜೋಳದ ಜಾತಿಯದು. ನಮ್ಮ ಕೈಯಲ್ಲಿ ಉಳಿದ ಕೂಲಿ ಮಾತ್ರ ಬೆಳೆಯಲಿಲ್ಲ, ಅವಳ ಸಾಲ ಬೆಳೆಯಿತು.

ಕಡಿದ 50 ರೂಪಾಯಿಯ ವಿಷಯದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರಲಿಲ್ಲ. ಮೂಸಾ(ಅ) ಮದ್ಯನ್‌ನಲ್ಲಿ ಎಂಟು ವರ್ಷಗಳ ದುಡಿಮೆಗೆ ಮೊದಲೇ ಕರಾರು ಮಾಡಿಕೊಂಡದ್ದು ಪವಿತ್ರ ಕುರ್‌ಆನ್‌ನಲ್ಲಿದೆ, ನಾವೂ ಮೊದಲೇ ಗೊತ್ತುಮಾಡಿದ್ದೇವೆ, ಅದು ಮುಗಿದ ಮಾತು ಎಂದು ಒಬ್ಬರ ವಾದ. ಬೇರೆ ದಾರಿಯಿಲ್ಲದವಳ ಒಪ್ಪಿಗೆ ಎಂಥ ಒಪ್ಪಿಗೆ ಎಂದು ಮತ್ತೊಬ್ಬರದು. ಕೊನೆಗೆ 61 ದಿನಗಳ ವ್ಯತ್ಯಾಸ 3,050 ರೂಪಾಯಿಯನ್ನು ಮೂವರಿಗೂ ಕೊಟ್ಟೆವು. ಪಕ್ಕದ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದವರು, ನೀವು ದರ ಕೆಡಿಸಿದಿರಿ ಎಂದು ಇಂದಿಗೂ ಸಿಟ್ಟಾಗಿದ್ದಾರೆ.

ಇನ್ನೊಂದು ಲೆಕ್ಕ ಉಳಿದಿತ್ತು. ಕಟ್ಟಡದ ವೆಚ್ಚದ ಶೇ. 1ರಷ್ಟನ್ನು ಕಾರ್ಮಿಕ ಕಲ್ಯಾಣ ಸುಂಕವೆಂದು ನಾವು ಪರವಾನಿಗೆಯ ವೇಳೆ ತುಟಿಪಿಟಕ್ಕೆನ್ನದೆ ಕಟ್ಟಿದ್ದೆವು. 24 ಲಕ್ಷಕ್ಕೆ 24,000. ಆ ಹಣ ಹೋಗುವ ಮಂಡಳಿಯಲ್ಲಿ ಈ ಮೂವರ ಹೆಸರೇ ಇರಲಿಲ್ಲ. ಹೆಸರು ಹಚ್ಚಿದರೆ ಮಕ್ಕಳ ಓದಿಗೆ, ಚಿಕಿತ್ಸೆಗೆ, ಅಪಘಾತಕ್ಕೆ ನೆರವುಂಟು. ಆದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ಪ್ರಮಾಣಪತ್ರ ಬೇಕು, ಅದಕ್ಕೆ ಸಹಿ ಹಾಕುವವರು ಸಿಗುವುದಿಲ್ಲ. ನಮ್ಮಲ್ಲಿ ದುಡಿದ 61 ದಿನಗಳಿಗೆ, ಒಬ್ಬೊಬ್ಬರ ಪೂರ್ಣ ಹೆಸರು ಬರೆದು, ನಾವು ಸಹಿ ಹಾಕಿಕೊಟ್ಟೆವು. ಉಳಿದ 29 ದಿನಗಳಿಗಾಗಿ ಅಬ್ಬಾ ಈಗ ತಮ್ಮ ಹಳೆಯ ಜೊತೆಗಾರ ಗೌಂಡಿಗಳಿಗೆ ಫೋನು ಮಾಡುತ್ತಿದ್ದಾರೆ; ಆ ಹೆಣ್ಣುಮಕ್ಕಳು ಆ ವರ್ಷ ಬೇರೆ ಯಾರ ಯಾರ ಮನೆಗೆ ಬುಟ್ಟಿ ಹೊತ್ತಿದ್ದರೆಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದಾರೆ.