ಕೊರೆದು ಹೊಡೆದ ಕಂಬಕ್ಕೆ ಹಿಡಿತ ಎಷ್ಟು?

ಕಡಲೆಕಾಯಿ ಬೆಳೆಯುತ್ತಿದ್ದ ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಈಗ ಸೋಲಾರ್ ಫಲಕಗಳು ಎದ್ದಿವೆ. ಪಾವಗಡ ತಾಲ್ಲೂಕೊಂದರಲ್ಲೇ ಐದು ಊರುಗಳ ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ. ಬಾಡಿಗೆ ಎಷ್ಟು, ಕರಾರು ಎಷ್ಟು ವರ್ಷ ಎಂದು ಎಲ್ಲರೂ ಕೇಳುತ್ತಾರೆ. ಫಲಕ ಹೊರುವ ಕಂಬವನ್ನು ನೆಲಕ್ಕೆ ಹೇಗೆ ಇಳಿಸುತ್ತಾರೆ ಎಂದು ಕೇಳುವವರು ಕಡಿಮೆ. ವರದಿಗೆಂದು ಸೋಲಾರ್ ಕೆಲಸ ನಡೆಯುವ ಹೊಲಗಳಿಗೆ ಹೋದಾಗ ನಾವು ಅದನ್ನೂ ಕೇಳುತ್ತೇವೆ.

ಮೆತ್ತನೆ ಮಣ್ಣಾದರೆ ಯಂತ್ರದಿಂದ ಉಕ್ಕಿನ ಕಂಬವನ್ನು ನೇರ ಹೊಡೆದು ಇಳಿಸಬಹುದು. ಇಳಿಯುವಾಗ ಅದು ಮಣ್ಣನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಮಣ್ಣೇ ಕಂಬವನ್ನು ಅಮುಕಿ ಹಿಡಿಯುತ್ತದೆ. ಗಟ್ಟಿ ಗರಸು ಸಿಕ್ಕರೆ ಎಷ್ಟು ಬಡಿದರೂ ಇಳಿಯದು. ತಲೆ ಮಡಚುತ್ತದೆ, ಕಂಬ ಓರೆಯಾಗುತ್ತದೆ. ಅದಕ್ಕೇ ಮೊದಲು ಡ್ರಿಲ್‌ನಿಂದ ತೂತು ಕೊರೆದು ಆಮೇಲೆ ಹೊಡೆಯುತ್ತಾರೆ. ಇದು ಒಪ್ಪಿತ ವಿಧಾನವೇ. ಕಂಬ ಬೇಕಾದ ಆಳ ಮುಟ್ಟುತ್ತದೆ, ಹತ್ತಿರದ ಮನೆಗಳಿಗೆ ಅದುರುವುದೂ ಕಡಿಮೆ.

ಆದರೆ ಕೊರೆದು ಹೊರಗೆ ತೆಗೆದದ್ದು ಕಂಬವನ್ನು ಹಿಡಿಯಬೇಕಿದ್ದ ಮಣ್ಣು. ಬೇಲಿಗೆ ಕಲ್ಲುಕಂಬ ನೆಟ್ಟವರಿಗೆ ಇದು ಗೊತ್ತು. ಗುಂಡಿ ಅಗಲವಾಗಿ, ಮಣ್ಣು ಗಟ್ಟಿಯಾಗಿ ತುಂಬದಿದ್ದರೆ ಎಮ್ಮೆ ಮೈ ಉಜ್ಜಿದರೂ ಕಲ್ಲು ಅಲ್ಲಾಡುತ್ತದೆ.

ಸೋಲಾರ್ ಕಂಬದ ಮೇಲೆ ಭಾರ ಹೆಚ್ಚಿಲ್ಲ, ಭಯ ಗಾಳಿಯದು. ಮುಂಗಾರಿಗೆ ಮುಂಚಿನ ಬಿರುಗಾಳಿ ಫಲಕದ ಕೆಳಗೆ ನುಗ್ಗಿ ಕಂಬವನ್ನು ಮೇಲಕ್ಕೆ ಕೀಳುತ್ತದೆ, ಪಕ್ಕಕ್ಕೆ ತಳ್ಳುತ್ತದೆ. ಸಡಿಲವಾದ ತೂತಿಗೆ ಮಳೆನೀರು ಇಳಿದರೆ ಹಿಡಿತ ಇನ್ನೂ ಕುಗ್ಗುತ್ತದೆ.

ಹಾಗಾಗಿ ತೂತು ಕಂಬಕ್ಕಿಂತ ಕಿರಿದಾಗಿರಬೇಕು. ಕಂಬದ ಕೊನೆಯ ಭಾಗ ಕೊರೆಯದ ನೆಲಕ್ಕೆ ಹೊಡೆದೇ ಇಳಿಯಬೇಕು. ತೂತು ಅಗಲವಾದರೆ ಸುತ್ತ ಕಾಂಕ್ರೀಟ್ ತುಂಬಬೇಕು. ಎಲ್ಲಕ್ಕಿಂತ ಮುಖ್ಯ, ಅದೇ ಹೊಲದಲ್ಲಿ ಅದೇ ರೀತಿ ಕೊರೆದು ಹೊಡೆದ ಕಂಬವನ್ನು ಮೇಲಕ್ಕೂ ಪಕ್ಕಕ್ಕೂ ಎಳೆದು ನೋಡಬೇಕು. ಇಂಥ ಪರೀಕ್ಷೆಗೆಂದೇ ಐಎಸ್ 2911ರ 4ನೇ ಭಾಗ ಎಂಬ ಭಾರತೀಯ ಮಾನದಂಡವಿದೆ. ಕೊರೆಯದೆ ಹೊಡೆದ ಕಂಬದ ಲೆಕ್ಕವನ್ನು ಕೊರೆದ ಕಂಬಕ್ಕೆ ಹಚ್ಚಿದರೆ ಆಗದು.

ಪರೀಕ್ಷೆಯ ವಿಷಯ ಎತ್ತಿದರೆ ಕೆಲವರು ವರದಿ ತಂದು ತೋರಿಸುತ್ತಾರೆ. ಕೆಲವರು "ಕಂಬ ನಿಂತಿದೆಯಲ್ಲ ಸಾರ್" ಎಂದು ನಗುತ್ತಾರೆ. ಗಾಳಿ ಇಲ್ಲದ ದಿನ ಎಲ್ಲ ಕಂಬವೂ ನಿಲ್ಲುತ್ತದೆ. ಗಾಳಿ ಬಂದ ದಿನ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿರುವವರು, ಕುರಿ ಮೇಯಿಸುತ್ತಿರುವವರು ನಮ್ಮವರೇ. ನಿಮ್ಮೂರಲ್ಲಿ ಕೆಲಸ ಶುರುವಾದರೆ ಬಾಡಿಗೆಯ ಜೊತೆಗೆ ಇದನ್ನೂ ಕೇಳಿ: "ಕಂಬ ಎಳೆದು ನೋಡಿದ ವರದಿ ಎಲ್ಲಿದೆ?"