ನೋಡುವ ಪಿರಿಯಡ್

ಚಿತ್ರಕಲೆಯ ಪಿರಿಯಡ್ ಎಂದರೆ ನಮ್ಮ ಶಾಲೆಗಳಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೂ ಗೊತ್ತಿದ್ದದ್ದೇ. ಎರಡು ಗುಡ್ಡ, ಅವುಗಳ ನಡುವೆ ಅರ್ಧ ಸೂರ್ಯ, ಗುಡ್ಡದ ಬುಡದಿಂದ ಅಂಕುಡೊಂಕಾಗಿ ಇಳಿದು ಬರುವ ಹೊಳೆ, ಹೊಳೆಯ ದಂಡೆಗೊಂದು ಗುಡಿಸಲು, ಗುಡಿಸಲಿಗೆ ಆನಿಕೊಂಡ ಒಂದು ತೆಂಗಿನ ಮರ. ನಾನು ಚಿಕ್ಕವಳಿದ್ದಾಗ ಬರೆದದ್ದೂ ಇದನ್ನೇ, ನನ್ನ ಮಗಳು ಬರೆದದ್ದೂ ಇದನ್ನೇ, ಈಗ ಪಾಳಾದ ಮಕ್ಕಳು ಬರೆಯುವುದೂ ಇದನ್ನೇ. ತರಗತಿಯ ಕಿಟಕಿಯಿಂದ ಹೊರಗೆ ನೋಡಿದರೆ ಭತ್ತದ ಗದ್ದೆ ಇದೆ, ಅದರಾಚೆ ಸಾಗುವಾನಿ ಮರಗಳಿವೆ, ಸುಗ್ಗಿಯಲ್ಲಿ ರಸ್ತೆಯ ಬದಿಗೇ ಒಣಹಾಕಿದ ಗೋವಿನಜೋಳವಿದೆ. ಅದನ್ನು ಯಾರೂ ಬರೆಯುವುದಿಲ್ಲ. ಕೈ ಓಡುವುದಿಲ್ಲವೆಂದಲ್ಲ; ಅದೂ ಚಿತ್ರದಲ್ಲಿ ಬರುವಂಥದ್ದು ಎಂದು ಅವರಿಗೆ ಯಾರೂ ಹೇಳಿಲ್ಲ.

ನಾನು ಚಿತ್ರ ಕಲಿಸುವವಳಲ್ಲ. ಬಿ.ಎ., ಬಿ.ಎಡ್. ಮಾಡಿ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತ ಬಂದವಳು. ಕುಂಚ ಹಿಡಿದರೆ ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿದಷ್ಟೇ ಚೆಂದ. ಆದರೆ ನಮ್ಮಲ್ಲಿ ಚಿತ್ರಕಲೆಗೆಂದು ಬೇರೆ ಮಾಸ್ತರರಿಲ್ಲ. ಹತ್ತನೆಯ ತರಗತಿಯವರೆಗೂ ಕಲೆ ಒಂದು ವಿಷಯವಾಗಿರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದು ಕಾಗದದ ಮೇಲೆ ಉಳಿಯಿತು. ಹೀಗಾಗಿ ವಾರಕ್ಕೊಂದು ಪಿರಿಯಡ್ ನನ್ನ ಕೊರಳಿಗೆ ಬಿತ್ತು. ಬರೆಸಲು ಬಾರದು, ಸುಮ್ಮನೆ ಕೂರಿಸಲು ಮನಸ್ಸಿಲ್ಲ. ನೋಡುವುದನ್ನಾದರೂ ಮಾಡೋಣ ಎಂದುಕೊಂಡೆ.

ನೋಡುವುದಕ್ಕೆ ಪಾಠ ಯಾಕೆ, ಕಣ್ಣಿದ್ದವರೆಲ್ಲ ನೋಡುತ್ತಾರಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಗೆಯಾಡಿದವರೂ ಇದ್ದರು. ಅಕ್ಷರ ಕಣ್ಣಿಗೆ ಕಂಡರೆ ಓದಿದಂತಾಯಿತೇ? ಚಿತ್ರವೂ ಹಾಗೆಯೇ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನಾವಿನ್ ಮತ್ತು ಮನಃಶಾಸ್ತ್ರಜ್ಞೆ ಅಬಿಗೈಲ್ ಹೌಸೆನ್ ಎಂಬವರು 1990ರ ದಶಕದಲ್ಲಿ ಇದಕ್ಕೊಂದು ಕ್ರಮವನ್ನೇ ಮಾಡಿದ್ದಾರೆ. ಮಕ್ಕಳಿಗೆ ಚಿತ್ರಕಾರನ ಹೆಸರು, ಹುಟ್ಟಿದ ಇಸವಿ ಏನೂ ಹೇಳದೆ ಮೂರೇ ಪ್ರಶ್ನೆ ಕೇಳುತ್ತ ಹೋಗುವುದು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಏನ್ ನಡದೈತಿ? ಏನ್ ನೋಡಿ ಹಂಗ ಅಂದಿ? ಮತ್ತೇನರ ಕಾಣಸ್ತೈತೇನು? ಇಷ್ಟೇ. ಎರಡನೆಯ ಪ್ರಶ್ನೆಯಲ್ಲಿದೆ ನೋಡಿ ಗಮ್ಮತ್ತು. ಪರೀಕ್ಷೆಯಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಮಾತ್ರ ಕೇಳಿಸಿಕೊಂಡ ಮಕ್ಕಳಿಗೆ ಯಾಕೆ ಹಾಗಂದೆ ಎಂದು ಕೇಳಿದರೆ ಬೈದಂತೆಯೇ ಅನ್ನಿಸುತ್ತದೆ. ಮೊದಲ ತಿಂಗಳು ಆ ಪ್ರಶ್ನೆ ಕೇಳಿದೊಡನೆ ಹುಡುಗರು ಎದ್ದು ನಿಂತು ಕೈ ಕಟ್ಟುತ್ತಿದ್ದರು.

ಮೊದಲು ನೋಡಿದ್ದು ಯಾವ ಮಹಾ ಚಿತ್ರವನ್ನೂ ಅಲ್ಲ. ಸ್ಟೇಶನರಿ ಅಂಗಡಿಯಲ್ಲಿ ಸಿಗುವ ‘ನಮ್ಮ ಕುಟುಂಬ’ ಎಂಬ ಪಟ. ಗೋಡೆಯ ಮೇಲೆ ಆರು ವರ್ಷದಿಂದ ತೂಗುತ್ತಿತ್ತು. ಯಾರ್‍ಯಾರು ಇದ್ದಾರೆ ಎಂದರೆ ಒಂದೇ ರಾಗದಲ್ಲಿ ಅಪ್ಪ, ಅವ್ವ, ಅಜ್ಜ, ಅಜ್ಜಿ, ಅಣ್ಣ, ತಂಗಿ ಎಂದರು. ಏನು ನಡೆದಿದೆ ಎಂದರೆ ಚಾ ಕುಡಿಯುತ್ತಿದ್ದಾರೆ. ಏನು ನೋಡಿ ಹೇಳಿದಿರಿ ಎಂದಾಗ ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. “ಎಲ್ಲಾರೂ ಕುಂತಾರ್ರಿ. ಅವ್ವ ನಿಂತಾಳ.” ಇನ್ನೊಬ್ಬಳು ಹತ್ತಿರ ಹೋಗಿ ಬೆರಳಿಟ್ಟು ಎಣಿಸಿ ಬಂದು ಹೇಳಿದಳು: “ಅಕ್ಕೋರ, ಕುರ್ಚಿ ಐದ ಅದಾವ್ರಿ. ಅವ್ವಗ ಕುರ್ಚೀನ ಬರದಿಲ್ಲ.” ಇಡೀ ತರಗತಿ ಪಟದ ಮುಂದೆ ಬಂದು ನಿಂತಿತು. ಹೌದು, ಆ ತಾಯಿ ತಟ್ಟೆ ಹಿಡಿದು ನಗುತ್ತ ನಿಂತಿದ್ದಾಳೆ. ಕೂರಬೇಕೆಂದರೂ ಆ ಮನೆಯಲ್ಲಿ ಜಾಗವಿಲ್ಲ. ನಾನೂ ಮನೆಗೆ ಹೋಗಿ ನಮ್ಮ ಕುರ್ಚಿಗಳನ್ನು ಎಣಿಸಿದೆ ಎಂದು ಹೇಳಿದರೆ ನೀವು ನಗಬಹುದು. ಎಣಿಸಿದ್ದು ನಿಜ.

ಅದೇ ದಿನ, ಗಂಟೆ ಬಾರಿಸುವ ಹೊತ್ತಿಗೆ, ಎಂದೂ ಬಾಯಿ ಬಿಡದ ಸಿದ್ದಿಯರ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಅಂದಳು: “ಎಲ್ಲಾರ ಕೂದ್ಲಾ ಒಂದ ನಮೂನಿ ಐತ್ರಿ.” ಅವಳದು ಗುಂಗುರು ಕೂದಲು. ಯಾವ ಪಟದಲ್ಲೂ, ಯಾವ ಪಾಠದ ಪುಸ್ತಕದಲ್ಲೂ ತನ್ನ ತಲೆಗೂದಲಿನವರನ್ನು ಅವಳು ಕಂಡಿರಲಿಲ್ಲ. ಇವರ ಪೂರ್ವಜರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ತಂದರು, ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡ ಎಷ್ಟೋ ಮಂದಿ ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡು ಸೇರಿದರು ಎಂದು ನಾನು ಇತಿಹಾಸದ ತಾಸಿನಲ್ಲಿ ಹೇಳುತ್ತಿದ್ದೆ. 2003ರಲ್ಲಿ ಪರಿಶಿಷ್ಟ ಪಂಗಡವೆಂದು ಸೇರಿಸಿದ್ದನ್ನೂ ಹೇಳುತ್ತಿದ್ದೆ. ಆದರೆ ಪಟದಲ್ಲಿ ಇಲ್ಲದ್ದನ್ನು ಹುಡುಕುವುದೂ ನೋಡುವುದೇ ಎಂಬುದನ್ನು ಹೇಳಿಕೊಟ್ಟವಳು ಆ ಹುಡುಗಿ.

ಮುಂದಿನ ವಾರ ಮನೆಯಲ್ಲಿರುವ ಯಾವುದಾದರೂ ಚಿತ್ರ ತನ್ನಿ ಎಂದೆ. ಕ್ಯಾಲೆಂಡರುಗಳು ಬಂದವು. ಲಕ್ಷ್ಮಿ, ಸರಸ್ವತಿ, ಗಣಪತಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ ಮೇಲೆಯೇ ಇಂಥ ಬಣ್ಣದ ದೇವರು ಬಡವರ ಗೋಡೆಗೂ ಬಂದದ್ದು. ಅದು ಬೇರೆಯದೇ ಕತೆ, ಇರಲಿ. ಆ ಹುಡುಗಿ ಮಾತ್ರ ಒಂದು ಕೌದಿ ಹೊತ್ತುಕೊಂಡು ಬಂದಳು. ಹುಡುಗರು ಕಿಸಕ್ಕನೆ ನಕ್ಕರು. ಹಾಸಿಗೆ ತಂದಾಳ, ಮಲಗಾಕ ಬಂದಾಳ ಎಂದರು. ಕೌದಿ ನಮ್ಮ ಉತ್ತರ ಕರ್ನಾಟಕದ ಹೆಂಗಸರಿಗೆ ಹೊಸದೇನಲ್ಲ. ಹಳೆಯ ಸೀರೆ, ಅಂಗಿ ಹರಿದು ಹೊಲಿಯದ ಮನೆ ಯಾವುದು? ಆದರೆ ನಾಲ್ವರು ನಾಲ್ಕು ತುದಿ ಹಿಡಿದು ಅದನ್ನು ಗೋಡೆಗೆ ಎತ್ತಿ ಹಿಡಿದಾಗ ಗದ್ದಲ ನಿಂತಿತು.

ಏನ್ ನಡದೈತಿ ಇಲ್ಲಿ? ಗದ್ದೆಯ ಹಾಗಿದೆ ಎಂದನೊಬ್ಬ. ಮ್ಯಾಲಿಂದ ನೋಡಿದ ಊರು ಎಂದಳು ಒಬ್ಬಳು. ದಾರ ಎಲ್ಲಿಂದ ಹೊರಟು ಎಲ್ಲಿ ಮುಗಿದಿದೆ ಎಂದು ಕೇಳಿದೆ. ಆಗ ಆ ಹುಡುಗಿ ಮುಂದೆ ಬಂದಳು. ಸಿದ್ದಿ ಹೆಂಗಸರು ಒಂದು ಮೂಲೆಯಿಂದ ಹೊಲಿಗೆ ಹಿಡಿದು ಅಂಚಿನ ಗುಂಟ ಸುತ್ತುತ್ತ, ಸುತ್ತುತ್ತ ಒಳಗೆ ಬಂದು ನಡುವೆ ಮುಗಿಸುತ್ತಾರೆ. ಅವಳು ಆ ದಾರಿಯನ್ನು ಬೆರಳಿನಿಂದ ತೋರಿಸಿದಳು. ನಾಲ್ಕು ಮೂಲೆಗೂ ಮಡಚಿ ಹೊಲಿದ ಮುಕ್ಕೋನದ ತುಂಡುಗಳಿದ್ದವು. ಅದಕ್ಕೆ ಫುಲಾ ಅಂತಾರ, ಹೂವು. ಹೂವಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅವಳಜ್ಜಿ ಹೇಳುತ್ತಾಳಂತೆ. ಆಮೇಲೆ ಒಂದೊಂದು ತುಂಡನ್ನೂ ಓದಿದಳು. ಇದು ಅಪ್ಪನ ಲುಂಗಿ. ಇದು ಅಕ್ಕನ ಶಾಲೆಯ ಯೂನಿಫಾರ್ಮು. ಈ ಹಸಿರು, ತೀರಿಹೋದ ಚಿಕ್ಕಮ್ಮನ ಸೀರೆ. ಪಾಠ ಓದು ಎಂದರೆ ತಡವರಿಸುವ ಹುಡುಗಿ, ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲ.

ಈ ಕೌದಿಗಳನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. 2011ರಲ್ಲಿ ನ್ಯೂಯಾರ್ಕಿನ ಶಾಮ್‌ಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ಆಯಿತು. ಇದನ್ನು ಹೇಳಿದಾಗ ನಕ್ಕಿದ್ದ ಹುಡುಗರು ಕಣ್ಣರಳಿಸಿದರು. ನನಗೇಕೋ ಅದು ಅಷ್ಟು ಹಿಡಿಸಲಿಲ್ಲ. ನ್ಯೂಯಾರ್ಕಿನವರು ನೋಡದಿದ್ದರೆ ಅದು ಬರೀ ಹಾಸಿಗೆಯೇ?

ಚಳಿಗಾಲದಲ್ಲಿ ಟೆಂಪೋ ಮಾಡಿಕೊಂಡು ಮುಂಡಗೋಡದಾಚೆಯ ಟಿಬೆಟಿಯನ್ ಕ್ಯಾಂಪಿಗೆ ಹೋದೆವು. 1966ರಿಂದ ಅವರು ಇಲ್ಲಿದ್ದಾರೆ. ಗಾದೆನ್, ದ್ರೆಪುಂಗ್ ಮಠಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನಾವು ಹತ್ತಿರದವರು ಹೋಗುವುದು ಸ್ವೆಟರ್ ಕೊಳ್ಳಲು! ಮಠದ ಮುಖಮಂಟಪದ ಗೋಡೆಯ ಮೇಲೆ ಭವಚಕ್ರ ಬರೆಯುವುದು ಅವರ ಪದ್ಧತಿ. ಕನ್ನಡ ಬಲ್ಲ ಭಿಕ್ಷುವೊಬ್ಬರು ವಿವರಿಸಲು ಬಂದರು. ಮೊದಲು ಮಕ್ಕಳು ನೋಡಲಿ ಎಂದು ಕೇಳಿಕೊಂಡೆ. ಅವರು ನಕ್ಕು ಕಂಬಕ್ಕೆ ಒರಗಿ ನಿಂತರು.

ದೊಡ್ಡ ಗಾಲಿಯೊಂದನ್ನು ಕೋರೆಹಲ್ಲಿನ ಯಮ ಕಚ್ಚಿ ಹಿಡಿದಿದ್ದಾನೆ. ಅದನ್ನು ಎಲ್ಲರೂ ಕಂಡರು. ನಡುವಿನ ಸಣ್ಣ ಸುತ್ತಿನಲ್ಲಿ ಹುಂಜ, ಹಾವು, ಹಂದಿ ಒಂದರ ಬಾಲ ಒಂದು ಕಚ್ಚಿಕೊಂಡಿರುವುದನ್ನು ಕಾಣಲು ಸ್ವಲ್ಪ ಹೊತ್ತು ಹಿಡಿಯಿತು. ಹೊರಸುತ್ತಿನ ಹನ್ನೆರಡು ಚಿತ್ರಗಳನ್ನು ಒಬ್ಬೊಬ್ಬರೂ ಹೆಕ್ಕಿ ತೆಗೆದರು. ಕೋಲೂರಿ ನಡೆವ ಕುರುಡ, ಗಡಿಗೆ ಮಾಡುವ ಕುಂಬಾರ, ಮಂಗ, ದೋಣಿ, ಬಸುರಿ, ಹೆರಿಗೆ. ಹೆಣ ಹೊತ್ತು ಹೋಗುವವನ ಬಳಿ ಬಂದಾಗ ಯಾರೂ ಮಾತಾಡಲಿಲ್ಲ. ಒಂದು ಮನೆ ಇತ್ತು, ಕಿಟಕಿಗಳು ತೆರೆದಿದ್ದವು, ಒಳಗೆ ಯಾರೂ ಇರಲಿಲ್ಲ. “ಮಂದಿ ಊರಿಗೆ ಹೋಗ್ಯಾರ್ರಿ” ಎಂದನೊಬ್ಬ. ಇನ್ನೊಬ್ಬಳು ಕಿರುಚಿಯೇಬಿಟ್ಟಳು: “ಅಕ್ಕೋರ, ಇವನ ಕಣ್ಣಾಗ ಬಾಣ ನಟ್ಟೈತಿ!” ಆಗ ಭಿಕ್ಷು ಮುಂದೆ ಬಂದರು. ಆ ಮನೆ ನಾವೇ, ಕಿಟಕಿಗಳು ನಮ್ಮ ಇಂದ್ರಿಯಗಳು, ಹೊರಗಿನದು ಅಲ್ಲಿಂದಲೇ ಒಳಗೆ ಬರುವುದು ಎಂದರು. ಕಣ್ಣಿನ ಬಾಣವೆಂದರೆ ವೇದನೆ, ಹೊರಗಿನದು ತಾಗಿದಾಗ ಆಗುವ ಸುಖ-ದುಃಖದ ಅನುಭವ. ಓದು ಬಾರದವರಿಗೂ ಧರ್ಮ ತಿಳಿಯಲಿ ಎಂದೇ ಇದನ್ನು ಬಾಗಿಲಲ್ಲಿ ಬರೆಯುತ್ತಾರಂತೆ. ಬರುವಾಗ ಟೆಂಪೋದಲ್ಲಿ ಹುಡುಗರು ಒಬ್ಬರ ಬಾಲ ಒಬ್ಬರು ಕಚ್ಚುವ ಆಟ ಆಡಿದರು. ಎರಡು ಅಂಗಿ ಹರಿದವು.

ಇವೆಲ್ಲ ಪುರಸೊತ್ತಿನ ಕೆಲಸ ಎಂದು ಪಾಲಕರೊಬ್ಬರು ಮುಖಕ್ಕೇ ಹೇಳಿದರು. ಲೆಕ್ಕ, ಇಂಗ್ಲಿಷು ಬಿಟ್ಟು ಚಿತ್ರ ನೋಡಿದರೆ ನೌಕರಿ ಸಿಗುತ್ತದೆಯೇ ಎಂದು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ 2018ರ ಮಳೆಗಾಲ ನೆನಪಿದೆಯೇ ನಿಮಗೆ? ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ಮೊಬೈಲಿನಲ್ಲಿ ವಿಡಿಯೋ ಹರಿದಾಡಿದ ವರ್ಷ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದ ಹುಡುಗನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರ್ ಸತ್ತ; ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದೇ ಮುಳುವಾಯಿತು. ಬೈಕಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಕೂಸನ್ನು ಎತ್ತಿಕೊಂಡು ಹೋಗುವ ಆ ವಿಡಿಯೋ ನಮ್ಮ ಪಾಳಾಕ್ಕೂ ಬಂತು. ಸ್ಟೀಲ್ ಪಾತ್ರೆ ಕೊಟ್ಟು ಹಳೆಯ ಸೀರೆ ಒಯ್ಯುವ ಹೆಂಗಸು ಆ ವಾರ ಓಣಿಯ ತುದಿಗೆ ಬಂದರೆ ಬಾಗಿಲುಗಳು ಪಟಪಟ ಮುಚ್ಚಿಕೊಂಡವು. ನಾಲ್ಕಾರು ಗಂಡಸರು ಅವಳನ್ನು ಅಡ್ಡಗಟ್ಟಿ ಗಂಟು ಬಿಚ್ಚಿಸಿದ್ದೂ ಆಯಿತು. ಗಂಟಿನಲ್ಲಿ ಪಾತ್ರೆಯೇ ಇತ್ತು.

ನಾನು ಆ ವಿಡಿಯೋವನ್ನೇ ತರಗತಿಯಲ್ಲಿ ತೋರಿಸಿದೆ. ಏನ್ ನಡದೈತಿ? ಕೂಸು ಕದ್ದಾರ. ಏನ್ ನೋಡಿ ಹಂಗ ಅಂದಿ? ಎತ್ತಿಕೊಂಡು ಹೋದರಲ್ಲ ಎಂದರು. ಮತ್ತೊಮ್ಮೆ ತೋರಿಸಿದೆ. ಮೂರನೆಯ ಸಲ ಒಬ್ಬ ಹುಡುಗ, ಮನಿ ನಮ್ಮ ಕಡೆಯವು ಅಲ್ರಿ ಎಂದ. ಮ್ಯಾಲಿಂದ ತೆಗೆದ ವಿಡಿಯೋ, ಕ್ಯಾಮೆರಾ ಮೊದಲೇ ಇಟ್ಟಾರ ಎಂದಳು ಇನ್ನೊಬ್ಬಳು. ಕೊನೆಗೆ ನಮ್ಮ ಕೌದಿಯ ಹುಡುಗಿ: “ನಡುವ ಹರದೈತ್ರಿ. ಮುಂದೇನಾತು?” ಮುಂದಿನದನ್ನು ಯಾರೋ ಕತ್ತರಿಸಿದ್ದರು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ ಜಾಹೀರಾತು. ಬೈಕಿನವರು ತಿರುಗಿ ಬಂದು ಕೂಸನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುವುದು ಅದರ ಕೊನೆ. ಆ ದಿನ ಸಂಜೆ ಎಷ್ಟು ಮನೆಗಳಲ್ಲಿ ಮಕ್ಕಳು ಅಪ್ಪಂದಿರ ಮೊಬೈಲು ಕಸಿದುಕೊಂಡು ‘ಇಲ್ಲಿ ಹರದೈತಿ ನೋಡು’ ಎಂದರೋ, ಮರುದಿನ ಬೆಳಿಗ್ಗೆ ಮೂರು ಮಂದಿ ತಾಯಂದಿರು ಗೇಟಿನ ಬಳಿ ಕೇಳಲು ಬಂದರು. ಪಾತ್ರೆಯ ಹೆಂಗಸು ಮಾತ್ರ ಆಮೇಲೆ ನಮ್ಮೂರಿಗೆ ಬರಲಿಲ್ಲ. ಬಂದರೆ ಕೊಡಬೇಕೆಂದು ಎರಡು ಸೀರೆ ಎತ್ತಿಟ್ಟಿದ್ದೆ.

ಆ ವರ್ಷದ ಪ್ರವಾಸ ಬನವಾಸಿಗೆ. ಮಧುಕೇಶ್ವರ ಗುಡಿಯ ದೊಡ್ಡ ನಂದಿಯ ಮುಂದೆ, ಇದರ ಒಂದು ಕಣ್ಣು ಶಿವನನ್ನೂ ಇನ್ನೊಂದು ಪಕ್ಕದ ಗುಡಿಯ ಪಾರ್ವತಿಯನ್ನೂ ನೋಡುತ್ತದೆ ಎಂದು ಯಾರೋ ಹೇಳಿದರು. ಹಿಂದೆಲ್ಲ ಮಕ್ಕಳು ಹೂಂ ಎಂದು ಮುಂದೆ ಹೋಗುತ್ತಿದ್ದರು. ಈ ಸಲ ಅರ್ಧ ಮಂದಿ ಶಿವನ ಕಡೆ, ಅರ್ಧ ಮಂದಿ ಪಾರ್ವತಿಯ ಕಡೆ ಹೋಗಿ ನಿಂತು, ತಲೆ ಬಗ್ಗಿಸಿ, ಕುಕ್ಕರಗಾಲಲ್ಲಿ ಕೂತು, ನನಗ ಕಾಣಸ್ತೈತಿ, ನಿನಗ ಕಾಣಸ್ತೈತೇನು ಎಂದು ಕೂಗಾಡತೊಡಗಿದರು. ಟೆಂಪೋದವನು ಹಾರ್ನ್ ಬಾರಿಸುತ್ತಿದ್ದ. ಇನ್ನೂ ಇಬ್ಬರು ಮಂಟಪದ ಒಳಗೇ ಇದ್ದರು. ಎಡಗಣ್ಣೋ ಬಲಗಣ್ಣೋ ಎಂಬುದು ಅವರಲ್ಲಿ ಇನ್ನೂ ಇತ್ಯರ್ಥವಾಗಿರಲಿಲ್ಲ.